ಅಚ್ಚು

ಪಾಂಡವಪುರದಲ್ಲಿ ನನ್ನದೊಂದು ಚಿಕ್ಕ ಪ್ರೆಸ್ಸು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು. ಮದುವೆ ಕಾಲ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಆದರೆ ಕೆಲಸವೆಲ್ಲ ಕೈಗೆ, ತಲೆಗೇನೂ ಇಲ್ಲ. ಅದೇ ಗಣೇಶ, ಅದೇ ವಾಲಗದವರು, ಅದೇ ಬಾರ್ಡರು. ಹಳೆಯ ಹೆಸರು ಅಳಿಸಿ ಹೊಸ ಹೆಸರು ಕೂರಿಸಿದರೆ ಇನ್ನೊಂದು ಮದುವೆ ತಯಾರು. ಒಮ್ಮೆ ಅವಸರದಲ್ಲಿ ಯಾರದೋ ಸೋದರಮಾವ ಇನ್ಯಾರದೋ ಪತ್ರಿಕೆಯಲ್ಲಿ ಉಳಿದುಬಿಟ್ಟ. 500 ಕಾರ್ಡು ನನ್ನ ತಲೆಗೇ ಬಂತು.

ಆ ಬೇಜಾರಿನಲ್ಲಿ ಭಾನುವಾರ ಕೆ.ಆರ್. ಪೇಟೆ ಬಸ್ಸು ಹತ್ತಿದೆ. ಪೇಟೆಯ ಮಗ್ಗುಲಲ್ಲೇ ಹೊಸಹೊಳಲು; ಅಲ್ಲಿ ಹೊಯ್ಸಳರ ಕಾಲದ, 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನ. ಬಂದವರು ತಲೆಯೆತ್ತಿ ಗೋಡೆಯ ದೊಡ್ಡ ವಿಗ್ರಹಗಳನ್ನು ನೋಡುತ್ತಾರೆ. ನನ್ನದು ಬಾರ್ಡರಿನ ಕಣ್ಣು, ಕುಕ್ಕರಗಾಲಲ್ಲಿ ಕೂತೆ. ಬುಡದಲ್ಲಿ ಆನೆ, ಅದರ ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಒಟ್ಟು ಆರು ಪಟ್ಟಿಕೆ, ಗುಡಿಯನ್ನು ಸುತ್ತಿಕೊಂಡು ಹೋಗುತ್ತವೆ. ದೂರದಿಂದ ಸೀರೆಯ ಅಂಚಿನಷ್ಟು ಸಲೀಸು. ಒಂದು ಗೇಣಿನ ದೂರಕ್ಕೆ ಮುಖ ಒಯ್ದೆ ನೋಡಿ, ಎದೆ ಝಲ್ಲೆಂದಿತು. ಒಂದು ಆನೆಯ ಸೊಂಡಿಲು ಒಳಕ್ಕೆ ಮಡಿಸಿದ್ದರೆ ಪಕ್ಕದ್ದರದು ಮುಂದಕ್ಕೆ ಚಾಚಿದೆ. ಮೇಲಿನ ಬಳ್ಳಿಯ ಒಂದು ಸುರುಳಿ ಬಿಗಿ, ಇನ್ನೊಂದು ಸಡಿಲ. ಬಳಪದ ಕಲ್ಲು ಮೃದು, ಉಳಿ ಹೇಳಿದಂತೆ ಕೇಳುತ್ತದೆ, ನಿಜ. ಆದರೆ ನೂರನೇ ಆನೆಗೆ ಬರುವ ಹೊತ್ತಿಗೆ ಕೆತ್ತುವವನಿಗೂ ಬೇಜಾರಾಗಿರಬೇಡವೇ? ಆ ಬೇಜಾರನ್ನು ಅವನು ಸೊಂಡಿಲಿನಲ್ಲಿ ಕಳೆದುಕೊಂಡಿದ್ದಾನೆ ಅಂತ ನನ್ನ ಊಹೆ. ನಾನಾಗಿದ್ದರೆ ಒಂದು ಆನೆ ಮಾಡಿ ಮಿಕ್ಕದ್ದನ್ನು ಕಾಪಿ ಪೇಸ್ಟ್ ಒತ್ತಿ ಟೀ ಕುಡಿಯಲು ಹೋಗುತ್ತಿದ್ದೆ.

ಅದೇ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ ಸೋಮನಾಥಪುರದಲ್ಲೂ ತನ್ನ ಹೆಸರು ಕೊರೆದಿದ್ದಾನೆ. ನಾವೂ ಕಾರ್ಡಿನ ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಹಾಕಿಕೊಳ್ಳುತ್ತೇವೆ, ಫೋನ್ ನಂಬರಿನ ಸಮೇತ. ಹಕ್ಕೇನೋ ಒಂದೇ. ಕೆಲಸದ ಮಾತು ಬೇಡ.

ನಾಗಮಂಗಲಕ್ಕೆ ಹೋಗಿದ್ದು ಬೇರೆ ಕಾರಣಕ್ಕೆ, ನೆಂಟರ ಮನೆಯ ಊಟಕ್ಕೆ. ಅಲ್ಲಿನ ವಿಶ್ವಕರ್ಮರು ಲೋಹದ ವಿಗ್ರಹಕ್ಕೆ ಹೆಸರಾದವರು. ಊಟ ಅರಗಲೆಂದು ಒಬ್ಬರ ಕೆಲಸದ ಚಾವಡಿಯಲ್ಲಿ ಕೂತೆ. ಮೊದಲು ಮೇಣದಲ್ಲಿ ದೇವರು; ಬೆರಳಿನ ಉಗುರು, ಸೊಂಟದ ಡಾಬು ಎಲ್ಲ ಮೇಣದಲ್ಲೇ. ಅದರ ಮೇಲೆ ನುಣ್ಣನೆಯ ಮಣ್ಣು, ಆಮೇಲೆ ಒರಟು ಮಣ್ಣು, ಪದರದ ಮೇಲೆ ಪದರ. ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕರಗಿದ ಲೋಹ. ಆರಿದ ಮೇಲೆ ಅವರು ಸುತ್ತಿಗೆ ತೆಗೆದುಕೊಂಡು, ಅಷ್ಟು ದಿನ ಜೋಪಾನ ಮಾಡಿದ ಅಚ್ಚನ್ನು ಟಕಟಕ ಒಡೆಯತೊಡಗಿದರು. "ಅಯ್ಯೋ, ಇನ್ನೊಂದು ಬೇಕು ಅಂದ್ರೆ?" ಅಂದೆ. "ಅಚ್ಚು ಒಡೀದೆ ದೇವ್ರು ಈಚೆ ಬರಾದೆಂಗೆ ಸ್ವಾಮಿ? ಇನ್ನೊಂದು ಬೇಕು ಅಂದ್ರೆ ಮೊದ್ಲಿಂದ ಮೇಣ ಹಿಡೀಬೇಕು."

ಬಸ್ಸಿನಲ್ಲಿ ವಾಪಸು ಬರುವಾಗ ಆ ಟಕಟಕ ಕಿವಿಯಲ್ಲೇ ಇತ್ತು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಮಾತ್ರ ನನಗೆ ಸಮಾಧಾನ ಹೇಳಿತು. 1784ರಲ್ಲಿ ಟಿಪ್ಪು ಕಟ್ಟಿಸಿದ ಅರಮನೆ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ, ಪಲ್ಲಕ್ಕಿಯಲ್ಲಿ ಸೋತ ಕರ್ನಲ್ ಬೈಲಿ. ಮಿಕ್ಕಂತೆ ಒಂದೇ ಮೀಸೆಯ, ಒಂದೇ ಪಕ್ಕಮುಖದ ಸವಾರರು ಸಾಲು ಸಾಲು. ಓಹೋ, ಇದನ್ನು ಬರೆದವರೂ ನಮ್ಮವರೇ ಅನ್ನಿಸಿತು.

ಮರುವಾರ ಕಬ್ಬಿನ ಗೌಡರೊಬ್ಬರು ಮಗಳ ಮದುವೆಗೆ 800 ಕಾರ್ಡು ಹೇಳಿದರು. "ಹೋದ್ ವರ್ಸ ನಮ್ಮಣ್ಣಂಗೆ ಮಾಡ್ಕೊಟ್ಟಿದ್ರಲ್ಲ, ಹಂಗೇ ಮಾಡ್ಕೊಡಿ." ಹಂಗೇ ಮಾಡಲು ಕೈ ಬರಲಿಲ್ಲ. ರಾತ್ರಿ ಕೂತು ಸುತ್ತಲೂ ಆನೆಗಳ ಸಾಲು ಬರೆದೆ. ಹತ್ತನೆಯದಕ್ಕೆ ಬೇಜಾರಾಗಿ ಅದರ ಸೊಂಡಿಲಿಗೆ ಒಂದು ಕಬ್ಬು ಕೊಟ್ಟೆ.

ಗೌಡರು ಪ್ರೂಫನ್ನು ದೂರ ಹಿಡಿದು ನೋಡಿದರು. ಹೆಸರು, ಮುಹೂರ್ತ, ಛತ್ರ ಎಲ್ಲ ಓದಿದರು. ಬೆರಳು ತಳದ ಮೂಲೆಯಲ್ಲಿ ನಿಂತಿತು. ಸೋದರಮಾವನೇ ಮತ್ತೆ ಬಂದನೇನೋ ಅಂತ ನನಗೆ ಜೀವವಿಲ್ಲ.

"ಇದೊಂದ್ಕೇ ಕಬ್ಬು ಕೊಟ್ಟಿದ್ದೀರಲ್ಲ ಸಾ, ಮಿಕ್ಕವು ಸುಮ್ಕಿರ್ತವಾ?"

ಅವರು ಕಾಫಿ ಕುಡಿದು ಬರುವುದರೊಳಗೆ ಹಂಚಿದೆ. ಒಂದಕ್ಕೆ ಇಡೀ ಜಲ್ಲೆ, ಒಂದಕ್ಕೆ ಬರೀ ಸೋಗೆ, ಮರಿಯಾನೆಗೆ ಒಂದು ಅಚ್ಚು ಬೆಲ್ಲ.