ಕಕ್ಕಡದಲ್ಲಿ ಬಂದ ಫ್ರಾಂಕನ್‌ಸ್ಟೈನ್

ಬೆಂಗಳೂರಿನಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಮಗಳು ಮೊನ್ನೆ ಒಂದು ಪುಸ್ತಕ ಹಿಡಿದು ಬಂದು, "ಅಪ್ಪ, ಇದು ನಿಮಗೆ ಗೊತ್ತಾ? ಇಂಗ್ಲಿಷ್ ಮಿಸ್ ಓದೋಕೆ ಹೇಳಿದ್ದಾರೆ" ಎಂದಳು. ನೋಡಿದರೆ ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್'. ಗೊತ್ತಿಲ್ಲದೆ ಏನು! ಆ ಹೆಸರು ಕೇಳಿದರೆ ನನಗೆ ಇಂದಿಗೂ ಹೊಗೆಯ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿದ ಯೂನಿಫಾರ್ಮಿನ ವಾಸನೆ.

ಅದು 1987. ಸುಂಟಿಕೊಪ್ಪದ ಆಚೆ ಒಂದು ಕನ್ನಡ ಮಾಧ್ಯಮದ ಹೈಸ್ಕೂಲು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು ಆಡುವವರೆಲ್ಲ ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಜಗಳವಾಡುತ್ತಿದ್ದೆವು. ಇಂಗ್ಲಿಷ್ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಹಾಗಾಗಿ ಅದರೊಡನೆ ನಮ್ಮದು ದೂರದ ನೆಂಟಸ್ತಿಕೆ; ಪರೀಕ್ಷೆಯ ದಿನ ಮಾತ್ರ ಮುಖ ನೋಡುವಂಥದ್ದು.

ಆ ವರ್ಷ ಬಂದ ಇಂಗ್ಲಿಷ್ ಮೇಷ್ಟ್ರು ಬಯಲುಸೀಮೆಯವರು. ಜಿಗಣೆ ಕಂಡರೆ ಕುರ್ಚಿ ಹತ್ತುತ್ತಿದ್ದರು. ಜುಲೈ ನಡುವಿಗೆ ಕಕ್ಕಡ ಕಾಲಿಟ್ಟಿತು. ಕರೆಂಟು ಹೋದರೆ ನಾಲ್ಕು ದಿನ ಬರುತ್ತಿರಲಿಲ್ಲ. ಮರ ಬಿದ್ದು ಬಸ್ಸು ನಿಂತು, ಅರ್ಧ ಕ್ಲಾಸೂ ತುಂಬುತ್ತಿರಲಿಲ್ಲ. ಇಷ್ಟೇ ಜನಕ್ಕೆ ಪಾಠ ಮಾಡಿ ಏನು ಪ್ರಯೋಜನ ಅನ್ನಿಸಿತೋ ಏನೋ, ಮೇಷ್ಟ್ರು ತಮ್ಮ ಚೀಲದಿಂದ ತೆಳ್ಳಗಿನ ಒಂದು ಸಂಕ್ಷಿಪ್ತ ಪುಸ್ತಕ ತೆಗೆದರು. ಸಿಲೆಬಸ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದುವುದು, ನಾಲ್ಕು ವಾಕ್ಯ ಕನ್ನಡದಲ್ಲಿ ಹೇಳುವುದು.

"ಇದು ಗಾಥಿಕ್ ಕಾದಂಬರಿ" ಎಂದರು. ನಮಗೇನು ಅರ್ಥವಾಗಬೇಕು? ಆಗ ಅವರು ಕೇಳಿದರು: "ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಕಥೆ ಯಾರಿಗೆ ಗೊತ್ತು?" ಎಲ್ಲರ ಕೈಯೂ ಮೇಲೆ. ಲಿಂಗರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ರಾಜನನ್ನು ಕಾಡಿದ, ಆ ಪಾಪ ತೊಳೆಯಲು 1820ರಲ್ಲಿ ದೇವಸ್ಥಾನ ಕಟ್ಟಿಸಿದ ಎಂಬ ಐತಿಹ್ಯವನ್ನು ನಮಗೆ ಅಜ್ಜಿಯರು ಹೇಳಿದ್ದರು. "ಅದೇ ಗಾಥಿಕ್. ಹಳೇ ಕೋಟೆ, ಮಂಜು, ಗಾಳಿ ಎಲ್ಲ ಮೇಲಿನ ಅಲಂಕಾರ. ಮಾಡಿದ ತಪ್ಪು ಮಾಡಿದವನನ್ನು ಹುಡುಕಿಕೊಂಡು ಬರುತ್ತದಲ್ಲ, ಒಳಗಿನ ಕಥೆ ಅದು." ಆಮೇಲೆ ಎಷ್ಟೋ ದಪ್ಪ ವಿಮರ್ಶೆಗಳನ್ನು ಓದಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳಿದವರು ಸಿಕ್ಕಿಲ್ಲ.

ಕಾದಂಬರಿ ಹುಟ್ಟಿದ್ದೂ ಮಳೆಯಲ್ಲೇ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಆಕಾಶಕ್ಕೇರಿ, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಒಂದು ಬಂಗಲೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಅಲ್ಲಿದ್ದ ಮೇರಿಗೆ ಆಗ ಹದಿನೆಂಟು ವರ್ಷ. 1818ರ ಜನವರಿ ಒಂದರಂದು ಪುಸ್ತಕ ಹೊರಬಂತು. 500 ಪ್ರತಿ, ಬರೆದವಳ ಹೆಸರಿಲ್ಲದೆ. ಅವಳು ಬರೆಯಲು ಕೂತ ಆ ವರ್ಷ ಮಡಿಕೇರಿಯಲ್ಲಿ ನಮ್ಮ ಲಿಂಗರಾಜನೇ ಆಳುತ್ತಿದ್ದ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಎರಡು ಇಸವಿ ಬರೆದಾಗ, ಇಂಗ್ಲಿಷ್ ಪುಸ್ತಕ ನಮ್ಮೂರಿಗೆ ಒಂದಿಷ್ಟು ಹತ್ತಿರ ಬಂದಂತಾಯಿತು.

ಇನ್ನು ನನ್ನ ವಿಷಯ. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಎರಡು ಸಲ ಫೇಲಾಗಿ ನಮ್ಮ ಜೊತೆಗೆ ಬಂದವನು. ನಮಗಿಂತ ಒಂದು ಗೇಣು ಎತ್ತರ, ಅಂಗಿಯ ತೋಳಿನಿಂದ ಮೊಣಕೈವರೆಗೆ ಹೊರಬಂದ ಕೈ. ಮನೆಮಾತು ತಮಿಳು. ಕಾಫಿ ಎಸ್ಟೇಟಿನ ಲೈನ್ ಮನೆಯಿಂದ ಬರುತ್ತಿದ್ದ. ಅದೇ ಎಸ್ಟೇಟಿನಲ್ಲಿ ನನ್ನ ಅಪ್ಪ ರೈಟರ್. ಅಂದರೆ ಅವನ ಅಪ್ಪ ಅಮ್ಮನ ಹಾಜರಿಯನ್ನು ಚೆಕ್‌ರೋಲಿನಲ್ಲಿ ಬರೆಯುವವರು. ಆ ಸೊಕ್ಕು ನನಗಿತ್ತು ಎಂದು ಈಗ ಒಪ್ಪಿಕೊಳ್ಳಬಹುದು. ಎಂಟು ಅಡಿ ಎತ್ತರದ ಆ ಪ್ರಾಣಿಯ ವರ್ಣನೆ ಬಂದ ದಿನವೇ ನಾನು ಅವನಿಗೆ 'ಫ್ರಾಂಕನ್‌ಸ್ಟೈನ್' ಎಂದು ಹೆಸರಿಟ್ಟೆ. ಸಂಜೆಯೊಳಗೆ ಇಡೀ ಶಾಲೆ ಹಾಗೆ ಕರೆಯಿತು. ಅವನು ತಿರುಗಿ ಏನೂ ಅನ್ನಲಿಲ್ಲ. ಬೆಂಚು ಮಾತ್ರ ಬದಲಾಯಿಸಿ ಕಿಟಕಿ ಪಕ್ಕ ಹೋಗಿ ಕೂತ.

ಮಗಳ ಪುಸ್ತಕದ ರಟ್ಟಿನ ಮೇಲೂ ಕತ್ತಿಗೆ ಬೋಲ್ಟು ಹೊಡೆದ ಮೂಕ ರಾಕ್ಷಸನಿದ್ದಾನೆ. ಅದು 1931ರ ಸಿನಿಮಾದ ಕೊಡುಗೆ. ಪುಸ್ತಕದಲ್ಲಿರುವವನು ಮೂಕನಲ್ಲ. ಒಂದು ಬಡಮನೆಗೆ ಅಂಟಿಕೊಂಡ ಗೂಡಿನಲ್ಲಿ ಅವಿತು, ಹಲಗೆಯ ಸಂದಿನಲ್ಲಿ ಕಣ್ಣಿಟ್ಟು, ಆ ಮನೆಯವರು ಆಡುವುದನ್ನು ಕೇಳಿ ಕೇಳಿ ಮಾತು ಕಲಿಯುತ್ತಾನೆ. ದೂರದೇಶದ ಹುಡುಗಿಯೊಬ್ಬಳಿಗೆ ಅವರು ಹೇಳಿಕೊಡುವ ಪಾಠವನ್ನು ಗೋಡೆಯ ಈಚೆಯಿಂದ ತಾನೂ ಕಲಿಯುತ್ತಾನೆ. ರಾತ್ರಿ ಅವರಿಗೆ ತಿಳಿಯದಂತೆ ಸೌದೆ ತಂದು ಹಾಕುತ್ತಾನೆ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋದರೆ ಕಣ್ಣು ಕಾಣದ ಮುದುಕ ಆದರದಿಂದ ಮಾತಾಡಿಸುತ್ತಾನೆ. ಅಷ್ಟರಲ್ಲಿ ಬಂದ ಕಣ್ಣಿದ್ದ ಮಗ ದೊಣ್ಣೆಯಿಂದ ಹೊಡೆಯುತ್ತಾನೆ.

ಈ ಭಾಗ ಮುಗಿಸಿದ ದಿನ ಮೇಷ್ಟ್ರು, "ಇಷ್ಟಕ್ಕೆಲ್ಲ ಮೂಲ ಕಾರಣ ಏನು?" ಎಂದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಕಿಟಕಿ ಪಕ್ಕದಿಂದ ಅವನು ಎದ್ದು ನಿಂತ. ಕ್ಲಾಸಿನಲ್ಲಿ ಅವನು ತಾನಾಗಿ ಎದ್ದದ್ದು ಅದೇ ಮೊದಲು.

"ಅದಕ್ಕೆ ಹೆಸರೇ ಇಡಲಿಲ್ಲ ಸಾರ್. ಫ್ರಾಂಕನ್‌ಸ್ಟೈನ್ ಅಂದ್ರೆ ಮಾಡಿದವನ ಹೆಸರು. ಇವರಿಗೆ ಅದೂ ಗೊತ್ತಿಲ್ಲ."

ಮೇಷ್ಟ್ರು ಪುಸ್ತಕ ಮುಚ್ಚಿ, ನಮ್ಮನ್ನೊಮ್ಮೆ ನೋಡಿ, ಅದನ್ನು ಅವನ ಕೈಗೆ ಕೊಟ್ಟು, "ಮನೆಗೆ ತಗೊಂಡು ಹೋಗಿ ಪೂರ್ತಿ ಓದು" ಎಂದರು. ಅವನು ಅದನ್ನು ಪ್ಲಾಸ್ಟಿಕ್ಕಿನ ಗೊಬ್ಬರದ ಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ಮಳೆಯಲ್ಲಿ ನಡೆದದ್ದನ್ನು ನಾನು ಹಿಂದಿನಿಂದ ನೋಡುತ್ತಾ ಹೋದೆ. ಮಾತಾಡಿಸಬೇಕೆನಿಸಿತು. ಮಾತಾಡಿಸಲಿಲ್ಲ.

ಪುಸ್ತಕ ಒಂದು ವಾರದಲ್ಲಿ ವಾಪಸು ಬಂತು. ಅವನು ಮಾತ್ರ ಹುತ್ತರಿ ಕಳೆದ ಮೇಲೆ ಬರಲಿಲ್ಲ. ಮನೆಯವರೆಲ್ಲ ಬೇರೆ ಎಸ್ಟೇಟಿಗೆ ಹೋದರಂತೆ. ವರ್ಷದ ಕೊನೆಯಲ್ಲಿ ತೆಗೆಸಿದ ಗ್ರೂಪ್ ಫೋಟೋದಲ್ಲಿ ಅವನಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಹೆಸರೇನಪ್ಪ?" ಎಂದಳು.

ಅಪ್ಪ ಬದುಕಿದ್ದಿದ್ದರೆ ಹೇಳುತ್ತಿದ್ದರು. ಚೆಕ್‌ರೋಲು ಅವರಿಗೆ ಬಾಯಿಪಾಠ. ನಮ್ಮ ಕ್ಲಾಸಿನಲ್ಲಿ ಹಾಜರಿ ಕರೆಯುತ್ತಿದ್ದುದು ನಂಬರಿನಲ್ಲಿ. ನನ್ನದು 23. ಅದಾದ ಮೇಲೆ ಹಿಂದಿನಿಂದ, ಕಿಟಕಿಯ ಕಡೆಯಿಂದ, "ಎಸ್ ಸಾರ್" ಎಂಬ ಒಂದು ದಪ್ಪ ದನಿ ಬರುತ್ತಿತ್ತು.

"ಇಪ್ಪತ್ನಾಲ್ಕು" ಎಂದೆ.