ಚಿನ್ನದ ಗಣಿಯ ಊರಿನಲ್ಲಿ ಎರಡು ದಿನ

ಕಳೆದ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿ ಒಂದು ವಿವಾಹವು ನಿಶ್ಚಯವಾಯಿತು. ಮದುವೆಯೆಂದ ಮೇಲೆ ಬಂಗಾರದ ಮಾತು ಬಾರದಿರುವುದುಂಟೆ? ಗಂಡಸರು ದರವನ್ನು ಕೇಳಿ ಕಂಗೆಟ್ಟರು. ಹೆಂಗಸರು ತೂಕವನ್ನು ಕೇಳಿ ಮುಖ ಚಿಕ್ಕದು ಮಾಡಿಕೊಂಡರು. ಈ ಗದ್ದಲದ ನಡುವೆ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಉಪಾಧ್ಯಾಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ತಾವು ಒಮ್ಮೆ ನಮ್ಮ ಊರಿಗೆ ಬಂದು ಹೋಗಬೇಕು” ಎಂದು ಹೇಳಿಕಳುಹಿಸಿದನು. ಬಂಗಾರವನ್ನು ಕೊಳ್ಳುವ ಮೊದಲು ಅದು ಹುಟ್ಟಿದ ನೆಲವನ್ನಾದರೂ ನೋಡಿಬರೋಣವೆಂದು ನಾನು ಹೊರಟೆನು.

ಬೆಂಗಳೂರಿನಿಂದ ಆ ಊರು ಸುಮಾರು 100 ಕಿಲೋಮೀಟರು. ಬಂಗಾರಪೇಟೆಯಲ್ಲಿ ದೊಡ್ಡ ಹಾದಿಯನ್ನು ಬಿಟ್ಟು ರೈಲು ಬಂಡಿಯು ಒಂದು ಕವಲುದಾರಿಯನ್ನು ಹಿಡಿಯುತ್ತದೆ. ಕೋರಮಂಡಲ್, ಉರಿಗಾಂ, ಚಾಂಪಿಯನ್, ಕೊನೆಯದಾಗಿ ಮಾರಿಕುಪ್ಪಂ. ಒಂದರ ಬೆನ್ನಿಗೆ ಒಂದು ನಿಲ್ದಾಣ. ಹೆಸರುಗಳಲ್ಲಿಯೇ ಅರ್ಧ ಇಂಗ್ಲೆಂಡು, ಅರ್ಧ ತಮಿಳುನಾಡು ಬೆರೆತಿವೆ. ಬಂಡಿಯಿಂದ ಇಳಿದೊಡನೆ ಕಣ್ಣಿಗೆ ಬಿದ್ದದ್ದು ಬೂದಿಬಣ್ಣದ, ಮೇಲು ಚಪ್ಪಟೆಯಾದ ಗುಡ್ಡಗಳು. “ಇವು ದೇವರು ಮಾಡಿದ ಗುಡ್ಡಗಳಲ್ಲ, ಮೇಷ್ಟ್ರೇ. ಕಲ್ಲನ್ನು ಅರೆದು ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಪುಡಿ. ಸೈನೈಡ್ ಗುಡ್ಡವೆಂದು ಕರೆಯುತ್ತೇವೆ. ಗಾಳಿಕಾಲದಲ್ಲಿ ಇದರ ಧೂಳು ನಮ್ಮ ಅನ್ನದ ತಟ್ಟೆಗೂ ಬರುತ್ತದೆ” ಎಂದು ಶಿಷ್ಯನು ಹೇಳಿದನು.

ಈ ಊರಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳದೆ ಮುಂದೆ ಹೋಗಲಾಗದು. 1880ರಲ್ಲಿ ಜಾನ್ ಟೇಲರ್ ಎಂಬ ಆಂಗ್ಲ ಕಂಪನಿಯವರು ಇಲ್ಲಿ ಕೆಲಸವನ್ನು ಹಿಡಿದರು. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಈ ಗಣಿಗೆ ತರುವ ಕಾರ್ಯಕ್ಕೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರು ಅಡಿಗಲ್ಲನ್ನಿಟ್ಟರು. ಅವರು 1901ರಲ್ಲಿ ಸ್ವರ್ಗಸ್ಥರಾದರು, ವಿದ್ಯುತ್ತು 1902ರಲ್ಲಿ ಇಲ್ಲಿಗೆ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು 1905ರಲ್ಲಿ. ರಾಜಧಾನಿಗಿಂತ ಮೊದಲು ಬೆಳಗಿದ ಊರು ಇದು! ಗಣಿಯು ವರ್ಷವರ್ಷಕ್ಕೆ ಆಳವಾಗುತ್ತ ಭೂಮಿಯ ಕೆಳಗೆ 3 ಕಿಲೋಮೀಟರನ್ನೂ ಮೀರಿತು. ಅಲ್ಲಿ ಬಂಡೆಯ ಶಾಖವು 60 ಡಿಗ್ರಿಗಿಂತ ಹೆಚ್ಚು. ಭಾರವನ್ನು ತಾಳಲಾರದೆ ಬಂಡೆಯು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಹಾಗೆ ಸಿಡಿದಾಗ ಕೆಳಗಿದ್ದವರಲ್ಲಿ ಎಷ್ಟೋ ಮಂದಿ ಮೇಲಕ್ಕೆ ಬರಲಿಲ್ಲ. ಅದೇ ಗಣಿಯ ಆಳದಲ್ಲಿ 1965ರಲ್ಲಿ ನಮ್ಮ ವಿಜ್ಞಾನಿಗಳು ಹೊರದೇಶದವರೊಡನೆ ಸೇರಿ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಸುಳಿವನ್ನು ಹಿಡಿದರು. ಒಟ್ಟು ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲವು ಕೊಟ್ಟ ಚಿನ್ನವು ಸುಮಾರು 800 ಟನ್ನು.

ಇಷ್ಟು ಚಿನ್ನವನ್ನು ತೆಗೆದವರು ಯಾರು? ಅವರಲ್ಲಿ ಬಹುಮಂದಿ ಉತ್ತರ ಆರ್ಕಾಟು ಮೊದಲಾದ ಸೀಮೆಗಳಿಂದ ಬಂದ, ಊರ ಹೊರಗಿನ ಕೇರಿಗಳಲ್ಲಿ ಇರಿಸಲ್ಪಟ್ಟಿದ್ದ ಜನ. ಒಡೆಯನ ಹೊಲದಲ್ಲಿ ಜೀತಕ್ಕಿದ್ದವನಿಗೆ ಇಲ್ಲಿ ಕೈಗೆ ನಗದು ಕೂಲಿ ಸಿಕ್ಕಿತು. ಪಾತಾಳಕ್ಕೆ ಇಳಿಯುವ ಭಯಕ್ಕಿಂತ ಊರಿನ ತಿರಸ್ಕಾರವೇ ಅವರಿಗೆ ಹೆಚ್ಚು ಭಯಂಕರವಾಗಿತ್ತೆಂಬುದನ್ನು ಯೋಚಿಸಿದರೆ, ನನ್ನಂತೆ ಸಂಸ್ಕೃತವನ್ನು ಓದಿ ಬೆಳೆದವನ ತಲೆಯು ತಗ್ಗುತ್ತದೆ. ನಮ್ಮ ಅಗ್ರಹಾರಗಳು ಕೊಡದ ಮಾನವನ್ನು ಅವರು ಕಗ್ಗತ್ತಲೆಯಲ್ಲಿ ಸಂಪಾದಿಸಿಕೊಂಡರು. ಮಾರಿಕುಪ್ಪದಲ್ಲಿ ಕಳೆದ ಶತಮಾನದ ಆದಿಯಲ್ಲಿಯೇ ಬೌದ್ಧಸಂಘವನ್ನು ಕಟ್ಟಿದರು. 1930ರಲ್ಲಿ ಕಂಪನಿಯವರು ಬೆರಳಿನ ಗುರುತನ್ನು ಕೊಡಬೇಕೆಂದಾಗ, “ನಾವು ಕಳ್ಳರೇ?” ಎಂಬ ರೋಷದಿಂದ ಸಾವಿರಾರು ಮಂದಿ ಕೆಲಸವನ್ನು ನಿಲ್ಲಿಸಿದರು. ಕೂಲಿಯ ಹೆಚ್ಚಳಕ್ಕಾಗಿ ಅಲ್ಲ, ಮಾನಕ್ಕಾಗಿ ಎದ್ದ ಮುಷ್ಕರವದು.

ಸಾಯಂಕಾಲ ಶಿಷ್ಯನು ನನ್ನನ್ನು ಕೂಲಿಗಾರರ ‘ಲೈನು’ಗಳ ಕಡೆಗೆ ಕರೆದುಕೊಂಡು ಹೋದನು. ಸಾಲುಸಾಲಾಗಿ ಅಂಟಿಕೊಂಡ ಸಣ್ಣ ಮನೆಗಳು. ತುಸು ದೂರದಲ್ಲಿ ಬೆಳ್ಳನೆಯ ದೊರೆಗಳು ವಾಸಿಸುತ್ತಿದ್ದ ವಿಶಾಲವಾದ ಬಂಗಲೆಗಳು. ಒಂದು ಮನೆಯ ಜಗುಲಿಯ ಮೇಲೆ ವೃದ್ಧರೊಬ್ಬರು ಕುಳಿತು ಕೆಮ್ಮುತ್ತಿದ್ದರು. ಕಲ್ಲಿನ ಧೂಳು ಎದೆಯೊಳಗೆ ಸೇರಿದ ಕೆಮ್ಮು ಅದು. ಮೂವತ್ತು ವರ್ಷ ಗಣಿಗೆ ಇಳಿದವರಂತೆ. ಹಿತ್ತಾಳೆಯ ಬಿಲ್ಲೆಯೊಂದನ್ನು ಒಳಗಿನಿಂದ ತರಿಸಿ ನನ್ನ ಕೈಯಲ್ಲಿಟ್ಟರು. ಅದರ ಮೇಲೆ ಅವರ ನಂಬರು. ಉಜ್ಜಿ ಉಜ್ಜಿ ಅಂಚು ಸವೆದಿತ್ತು.

“ಯಜಮಾನರೇ, ಎಷ್ಟು ಚಿನ್ನವನ್ನು ಕಂಡಿರಬಹುದು ತಾವು!” ಎಂದೆನು.

ಅವರು ನಕ್ಕರು. “ಚಿನ್ನ ಎಲ್ಲಿ ಕಂಡೆ ಅಯ್ಯಾ? ನಾನು ಕಂಡಿದ್ದು ಕಲ್ಲು. ಚಿನ್ನ ಕಂಡಿದ್ದು ಮಗಳ ಮದುವೆಗೆ ತಾಳಿ ತಗೊಳ್ಳೋಕೆ ಶೆಟ್ಟರ ಅಂಗಡಿಗೆ ಹೋದಾಗ.”

ನಾನು ಮರುಮಾತಾಡಲಿಲ್ಲ. ಕಲ್ಲಿನಲ್ಲಿ ಚಿನ್ನವು ಕಣ್ಣಿಗೆ ಕಾಣುವುದು ಅಪರೂಪವೆಂದೂ, ಕೊನೆಯ ವರ್ಷಗಳಲ್ಲಿ ಒಂದು ಟನ್ನು ಕಲ್ಲಿಗೆ ಕೆಲವೇ ಗ್ರಾಮು ದೊರೆಯುತ್ತಿತ್ತೆಂದೂ ಶಿಷ್ಯನು ಆಮೇಲೆ ವಿವರಿಸಿದನು.

ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಕರಾಧ್ಯಕ್ಷನೆಂಬ ಅಧಿಕಾರಿಯ ವಿಷಯವಾಗಿ ಒಂದು ಪ್ರಕರಣವೇ ಉಂಟು. ರಾಜನ ಬೊಕ್ಕಸಕ್ಕೆ ಗಣಿಯೇ ಮೂಲವೆಂದು ಆತನು ಬಲ್ಲನು. ಅದಿರಿನ ಬಣ್ಣ, ವಾಸನೆ, ತೂಕಗಳ ಲಕ್ಷಣವನ್ನು ಸವಿಸ್ತಾರವಾಗಿ ಬರೆದಿದ್ದಾನೆ. ಅದಿರು ಮುಗಿದ ಮೇಲೆ ಅಗೆದವನ ಗತಿಯೇನು? ರಾಜ್ಯಭಾರ ಮಾಡುವವರು ಅಂದಿನಿಂದ ಇಂದಿನವರೆಗೆ ತಪ್ಪದೆ ಮರೆಯುವುದು ಈ ಪ್ರಶ್ನೆಯನ್ನೇ ಎಂದು ನನಗೆ ತೋರಿತು.

ಒಡೆತನವೇನೋ ಮೇಲಿಂದ ಮೇಲೆ ಬದಲಾಯಿತು. ಮೊದಲು ಕಂಪನಿ, 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ಆಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಗಣಿ ಮುಚ್ಚಬಾರದಾಗಿತ್ತೆಂದು ನಾನು ವಾದಿಸುವವನಲ್ಲ. ಚಿನ್ನಕ್ಕಿಂತ ಅದನ್ನು ತೆಗೆಯುವ ಖರ್ಚು ಹೆಚ್ಚಾದರೆ ಯಾವ ಸರ್ಕಾರವೂ ಎಷ್ಟು ಕಾಲವೆಂದು ನಡೆಸೀತು? ಆದರೆ ಗಣಿಯ ಮರಣವು ಅದರ ಜನ್ಮದೊಡನೆಯೇ ಬರೆದಿಟ್ಟಿರುವ ಸಂಗತಿ. ವರ್ಷದ ಕೊನೆಗೆ ಪರೀಕ್ಷೆಯುಂಟೆಂಬುದು ಉಪಾಧ್ಯಾಯನಿಗೆ ಮೊದಲ ದಿನವೇ ಗೊತ್ತು. ಗೊತ್ತಿದ್ದೂ ಹುಡುಗರನ್ನು ಸಿದ್ಧಪಡಿಸದವನು ಎಂಥ ಉಪಾಧ್ಯಾಯ? ಚಿನ್ನವು ಹೇರಳವಾಗಿದ್ದಾಗ ಬೊಕ್ಕಸವನ್ನು ತುಂಬಿಕೊಂಡವರು, ಅದರಲ್ಲಿ ಒಂದು ಪಾಲನ್ನು ಊರಿನ ಮುಂದಿನ ಬಾಳಿಗೆಂದು ತೆಗೆದಿರಿಸಬಹುದಾಗಿತ್ತು. ಆಂಗ್ಲರು ಮಾಡಲಿಲ್ಲ, ಅವರಿಂದ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ. ನಮ್ಮವರು ಮಾಡಲಿಲ್ಲವೆಂಬುದೇ ನನ್ನ ಕೊರಗು. ಒಡೆಯನ ಬಣ್ಣವು ಬದಲಾದ ಮಾತ್ರಕ್ಕೆ ಒಡೆತನದ ಗುಣವು ಬದಲಾಗದೆಂಬುದನ್ನು ಈ ಊರು ನನಗೆ ಕಲಿಸಿತು.

ಇನ್ನೊಂದು ಮಾತು. ಸಂಸ್ಕೃತದಲ್ಲಿ ‘ವೃತ್ತಿ’ ಎಂಬ ಶಬ್ದಕ್ಕೆ ಜೀವನೋಪಾಯವೆಂದೂ ಅರ್ಥ, ಇರುವ ರೀತಿಯೆಂದೂ ಅರ್ಥ. ಎರಡನ್ನೂ ಒಂದೇ ಶಬ್ದದಲ್ಲಿ ಅಡಗಿಸಿದ ಪೂರ್ವಿಕರು ವಿವೇಕಿಗಳು. ಕೆಲಸವು ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ. ಮನುಷ್ಯನು ಬೆಳಗ್ಗೆ ಏಳುವುದಕ್ಕೆ ಕಾರಣ, ನೆರೆಯವರಲ್ಲಿ ಅವನ ಹೆಸರು, ಮಕ್ಕಳ ಮುಂದೆ ಅವನ ಮಾತಿನ ತೂಕ, ಎಲ್ಲವೂ ಹೋಗುತ್ತವೆ. ಇಂತಿಷ್ಟು ಪರಿಹಾರವನ್ನು ಕೊಟ್ಟೆವೆಂದು ಲೆಕ್ಕ ತೋರಿಸುವ ನಮ್ಮ ಕಾಲದ ರಾಜಕಾರಣಕ್ಕೆ ವೃತ್ತಿಯ ಮೊದಲ ಅರ್ಥ ಮಾತ್ರ ತಿಳಿದಿದೆ. ಆ ವೃದ್ಧರು ಉಜ್ಜಿಡುವ ಬಿಲ್ಲೆಯು ಎರಡನೆಯ ಅರ್ಥವನ್ನು ಹೇಳುತ್ತದೆ.

ಮರುದಿನ ಬೆಳಗಿನ ಜಾವದಲ್ಲಿಯೇ ನಿಲ್ದಾಣಕ್ಕೆ ಬಂದೆನು. ಇನ್ನೂ ಕತ್ತಲೆ, ಆದರೂ ಜಾತ್ರೆಯಂತೆ ಜನ. ಊಟದ ಡಬ್ಬಿಯನ್ನು ಹಿಡಿದ ಹುಡುಗರು, ಮುಡಿಗೆ ಹೂವನ್ನಿಟ್ಟು ಅರೆನಿದ್ರೆಯಲ್ಲಿ ನಿಂತ ಹೆಣ್ಣುಮಕ್ಕಳು. ಪ್ರತಿದಿನವೂ ಸಾವಿರಾರು ಮಂದಿ ಹೀಗೆ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವರು. ಕೆಲವರು ಕಚೇರಿಗಳಲ್ಲಿ ಲೆಕ್ಕ ಬರೆಯುವವರು. ಕೆಲವರು ಅಂಥ ಕಚೇರಿಗಳ ಬಾಗಿಲನ್ನು ಕಾಯುವವರು, ನೆಲವನ್ನು ಒರೆಸುವವರು. ತಂದೆಯರು ಕತ್ತಲೆಯಲ್ಲಿ ಭೂಮಿಯೊಳಕ್ಕೆ ಇಳಿದರು. ಮಕ್ಕಳು ಕತ್ತಲೆಯಲ್ಲಿ ಬಂಡಿಯನ್ನು ಏರುತ್ತಾರೆ. ಮೊದಲು ಬೆಳಗಿದ ಊರಿನ ಮಕ್ಕಳು ಬೆಳಕನ್ನು ಹುಡುಕಿಕೊಂಡು ದಿನಕ್ಕೆ ನಾಲ್ಕೈದು ಗಂಟೆ ಪ್ರಯಾಣ ಮಾಡಬೇಕಾಗಿದೆ.

ನನ್ನ ಪಕ್ಕದಲ್ಲಿ ಕುಳಿತ ಹುಡುಗಿಯೊಬ್ಬಳು ಪುಸ್ತಕವನ್ನು ತೆರೆದು ಓದುತ್ತಿದ್ದಳು. ಹಗಲು ಅಂಗಡಿಯಲ್ಲಿ ಕೆಲಸ, ಬಂಡಿಯಲ್ಲಿ ಪರೀಕ್ಷೆಗೆ ಓದು. “ಏನಾಗಬೇಕೆಂದಿದ್ದೀಯಮ್ಮ?” ಎಂದೆನು. “ಟೀಚರ್ ಆಗಬೇಕು ತಾತ, ನಮ್ಮ ಊರಲ್ಲೇ” ಎಂದಳು. ‘ನಮ್ಮ ಊರಲ್ಲೇ’ ಎಂಬಲ್ಲಿ ಅವಳ ದನಿ ಗಟ್ಟಿಯಾಗಿತ್ತು. ಆ ಬೂದಿಬಣ್ಣದ 13 ಗುಡ್ಡಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯದ ಸಚಿವಸಂಪುಟವು ಒಪ್ಪಿಗೆಯನ್ನಿತ್ತಿತು. ಪುಡಿಯಲ್ಲಿ ಉಳಿದ ಚಿನ್ನದ ಮೇಲೆ ಕಣ್ಣಿಟ್ಟ ನಾವು, ಈ ಬಂಡಿಯಲ್ಲಿ ನಿದ್ದೆಗೆಟ್ಟು ಓದುವ ಚಿನ್ನವನ್ನೂ ಲೆಕ್ಕಕ್ಕೆ ತೆಗೆದುಕೊಂಡೆವಾದರೆ ಹಿಂದಿನ ತಪ್ಪಿಗೆ ಅಷ್ಟಾದರೂ ಪ್ರಾಯಶ್ಚಿತ್ತವಾದೀತು.

ಮನೆಗೆ ಬಂದ ಮೇಲೆ ಬಂಗಾರದ ಮಾತು ಮತ್ತೆ ಎದ್ದಿತು. ನಾನು ಉಪದೇಶ ಮಾಡಲಿಲ್ಲ; ಜಗುಲಿಯ ಮೇಲಿನ ವೃದ್ಧರ ಮಾತನ್ನು ಇದ್ದಂತೆಯೇ ಹೇಳಿದೆನು. ಹೆಂಗಸರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮದುವಣಗಿತ್ತಿಯಾದ ನಮ್ಮ ಮೊಮ್ಮಗಳು ತಾಳಿಯೊಂದು ಸಾಕೆಂದು ಹೇಳಿ, ಉಳಿದ ಹಣದಲ್ಲಿ ಸ್ವಲ್ಪವನ್ನು ನನ್ನ ಶಿಷ್ಯನ ಶಾಲೆಯ ಮಕ್ಕಳ ಪುಸ್ತಕಕ್ಕೆ ಕಳುಹಿಸಿದಳು. ಅದರಿಂದ ಆ ಊರಿನ ಕಷ್ಟವು ತೀರುವುದಿಲ್ಲವೆಂಬುದನ್ನು ನಾನು ಬಲ್ಲೆನು. ಆದರೆ ನಾವು ತೊಡುವ ಒಂದೊಂದು ಗುಂಜಿಯ ಹಿಂದೆಯೂ ಕಲ್ಲನ್ನು ಮಾತ್ರ ಕಂಡವನೊಬ್ಬನಿದ್ದಾನೆಂಬುದು ನಮ್ಮ ಮನೆಯಲ್ಲಿ ಇನ್ನು ಮರೆತುಹೋಗದು.