ಗಾಲಿಯ ಮೇಲಿನ ಮನೆ, ಮಾಳಿಗೆಯ ಮೇಲಿನ ತಟ್ಟೆ

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಕೊಲರಾಡೊ ನದಿಗೆ ಸುಮಾರು 30 ಕಿಲೋಮೀಟರ್ ಈಚೆ, ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. ಬೇಸಿಗೆಯಲ್ಲಿ 45 ಡಿಗ್ರಿ ಬಿಸಿಲು. ಆಗ ಅಲ್ಲಿ ಎರಡು ಮೂರು ಸಾವಿರ ಜನ ಉಳಿದರೆ ಹೆಚ್ಚು. ಚಳಿಗಾಲ ಬಂತೆಂದರೆ ಹಿಮ ಬೀಳುವ ಸೀಮೆಗಳಿಂದ ನಿವೃತ್ತರು ಮೋಟಾರ್‌ಹೋಮ್‌ಗಳನ್ನು ಓಡಿಸಿಕೊಂಡು ಬಂದು ಬೀಡುಬಿಡುತ್ತಾರೆ. ಊರ ದಕ್ಷಿಣದ ಲಾ ಪೋಸಾ ಎಂಬ ಸರಕಾರಿ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಶುಲ್ಕ ಕಟ್ಟಿ ಇರಬಹುದು. ಅಲ್ಲಿ ಕರೆಂಟಿನ ಕಂಬವಿಲ್ಲ, ನೆರಳೂ ಅಷ್ಟಕ್ಕಷ್ಟೆ.

ನನ್ನ ತಮ್ಮ ನೌಕರಿ ಮುಗಿದ ಮೇಲೆ ಮನೆ ಮಾರಿ ಹಳೆಯ ಮೋಟಾರ್‌ಹೋಮ್ ಒಂದನ್ನು ಕೊಂಡಿದ್ದ. ಅಂದರೆ ಆ ಬಸ್ಸಿನಂಥ ಗಾಡಿಯ ಚಾವಣಿಯೇ ಗಂಡ ಹೆಂಡಿರಿಬ್ಬರ ತಲೆಯ ಮೇಲಿನ ಸೂರು. ನಾನು ಜನವರಿಯಲ್ಲಿ ಹೋದಾಗ ಅವನು ಆ ಸೂರಿಗೇ ತೂತು ಕೊರೆಯಲು ಸಿದ್ಧನಾಗಿದ್ದ! ಉಪಗ್ರಹ ಟಿ.ವಿ.ಯ ಹೊಸ ಆಂಟೆನಾ ಕೂಡಿಸಬೇಕಿತ್ತು.

"ಅಣ್ಣಾ, ತೂತು ಹೊಡಿಯೂದು ಒಂದ್ ನಿಮಿಷದ ಕೆಲಸ. ನೀರು ಒಳಗ ಬರದಂಗ ಮುಚ್ಚೂದು ನೋಡು ಕಷ್ಟ" ಎಂದ. ಅವನ ಹೆದರಿಕೆಗೆ ಕಾರಣವಿತ್ತು. ಗಾಡಿಯ ಹಿಂದಿನ ಒಡೆಯ ಯಾವುದೋ ಆಂಟೆನಾ ಕೂಡಿಸಿ, ಸುತ್ತ ಅಂಗಡಿಯ ಸಾಮಾನ್ಯ ಸಿಲಿಕೋನ್ ಬಳಿದಿದ್ದ. ಇಂಥ ಗಾಡಿಗಳ ಚಾವಣಿಗೆ ಹೊದಿಸುವ ರಬ್ಬರ್ ಹಾಳೆಗೆ ಅದು ಸರಿಯಾಗಿ ಅಂಟುವುದಿಲ್ಲ. ವರ್ಷಗಟ್ಟಲೆ ಕಾಣದಂತೆ ಇಳಿದ ನೀರಿಗೆ ಕೆಳಗಿನ ಪ್ಲೈವುಡ್ ನೆನೆದ ಬಿಸ್ಕತ್ತಿನಂತಾಗಿತ್ತು. ಅದನ್ನು ಕಿತ್ತು ಹೊಸ ಹಲಗೆ ಹಾಕುವುದರಲ್ಲೇ ತಮ್ಮನ ಒಂದು ತಿಂಗಳು ಕಳೆದಿತ್ತು.

ಆದ್ದರಿಂದ ಅರ್ಧ ದಿನ ಬರೀ ಜಾಗ ಹುಡುಕಿದೆವು. ತಟ್ಟೆ ಏಳಲು, ತಿರುಗಲು, ಮಡಚಿಕೊಳ್ಳಲು ಸ್ಥಳ ಬೇಕು, ಎ.ಸಿ. ಡಬ್ಬಿ ಅಡ್ಡ ಬರಬಾರದು. ಸೌರಫಲಕದ ಮೇಲೆ ನೆರಳು ಬೀಳಬಾರದು. ಕೆಳಗೆ ವೈರು ಹಾದಿರಬಾರದು. ಕೊನೆಗೆ ಒಳಗಿನಿಂದ ಸಣ್ಣ ತೂತು ಕೊರೆದು, ಅದೇ ಗುರುತಿನ ಮೇಲೆ ಹೊರಗಿನಿಂದ ದೊಡ್ಡದು ಮಾಡಿದ. ಆಂಟೆನಾದ ಪಾದದಡಿ ಬ್ಯೂಟೈಲ್ ಪಟ್ಟಿ ಇಟ್ಟು ಸ್ಕ್ರೂ ಬಿಗಿದು, ಪ್ರತಿ ಸ್ಕ್ರೂ ತಲೆಯ ಮೇಲೂ ಈ ರಬ್ಬರಿಗೆಂದೇ ಬರುವ, ತಾನಾಗಿ ಹರಡಿಕೊಳ್ಳುವ ಅಂಟು ಸುರಿದ. ಆಕಳ ಹಾಲು ಕರೆಯುವವನ ತಾಳ್ಮೆ ಅವನ ಮುಖದಲ್ಲಿತ್ತು.

ಒಳಗೆ ಹಿಡಿಕೆ ತಿರುಗಿಸುವ ಕೆಲಸ ಎಂಜಿನಿಯರಿಂಗ್ ಓದುವ ಅವನ ಮಗಳದು. ಟಿ.ವಿ. ಉಪಗ್ರಹಗಳು ಭೂಮಧ್ಯರೇಖೆಯ ನೆತ್ತಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ತಿರುಗುತ್ತವೆ. ಹಾಗಾಗಿ ನಿಂತಲ್ಲೇ ನಿಂತಂತೆ ಕಾಣುತ್ತವೆ. ಅಲ್ಲಿಂದ ನಮ್ಮ ಉಪಗ್ರಹ ಆಗ್ನೇಯದ ಕಡೆ, ಸುಮಾರು 48 ಡಿಗ್ರಿ ಮೇಲಿತ್ತು. ತಮ್ಮ ದಿಕ್ಸೂಚಿ ಹಿಡಿದು ದಿಕ್ಕು ಹೇಳಿದ. ಪರದೆಯ ಮೇಲೆ ಏನೂ ಬರಲಿಲ್ಲ. ಒಂದು ಗಂಟೆ ಒದ್ದಾಡಿದೆವು.

"ಅಪ್ಪಾ, ಮುಳ್ಳು ತೋರಿಸೋದು ನಿಜವಾದ ಉತ್ತರ ಅಲ್ಲ. ಇಲ್ಲಿ ಅದು ಸುಮಾರು ಹತ್ತು ಡಿಗ್ರಿ ಪೂರ್ವಕ್ಕೆ ಸರಿದಿರ್ತದ" ಎಂದು ಹುಡುಗಿ ತಟ್ಟೆಯನ್ನು ಪೂರ್ವಕ್ಕೆ ಅಷ್ಟೇ ಹೊರಳಿಸಿದಳು. ಚಿತ್ರ ಬಂತು! ಪಾಠದ ಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿರುವ ಸಂಗತಿ ಮಾಳಿಗೆಯ ಮೇಲೆ ಒಂದು ಗಂಟೆ ತಿಂದಿತ್ತು.

ನನಗೆ ರಾಯಚೂರು ಜಿಲ್ಲೆಯ ನಮ್ಮೂರಿನ ಶಾಲೆ ನೆನಪಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂದಿತ್ತು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತು ಅಡಿಯ ತಟ್ಟೆಯ ಕೆಳಗೆ ನಾನೂ ತಮ್ಮನೂ ಚಾಪೆ ಹಾಸಿ ಕೂರುತ್ತಿದ್ದೆವು. ಇಲ್ಲಿಯ ತಟ್ಟೆ ಊಟದ ಹರಿವಾಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ.

ತಟ್ಟೆ ಮಡಚುವುದನ್ನು ಮರೆತು ಗಾಡಿ ಓಡಿಸಿದರೆ ಎಲ್ಲ ಮುರಿದು ಹೋಗುತ್ತದೆಂದು ಮಗಳು ಸ್ಟಿಯರಿಂಗಿಗೆ ಕೆಂಪು ಚೀಟಿ ಕಟ್ಟಿದಳು. ನಾನು ಹೊರಡುವ ಹಿಂದಿನ ರಾತ್ರಿ, ಅಪರೂಪಕ್ಕೆ, ಮಳೆ ಬಂತು. ಯಾರಿಗೂ ನಿದ್ದೆಯಿಲ್ಲ. ನಾದಿನಿ ಮಾತಾಡದೆ ಎದ್ದು ಆಂಟೆನಾದ ನೇರ ಕೆಳಗೆ ಒಂದು ಸ್ಟೀಲ್ ಪಾತ್ರೆ ಇಟ್ಟಳು. ಬೆಳಿಗ್ಗೆ ಅದೇ ಪಾತ್ರೆಯನ್ನು ಒರೆಸದೆಯೇ ತಗೊಂಡು ಉಪ್ಪಿಟ್ಟಿಗೆ ರವೆ ಹುರಿದಳು.